ಉಗಾದಿ, ಚುನಾವಣೆ, ಮಳೆ: ಇವುಗಳ ನಡುವೆ ಮನೆಯ ನೆಲ ಬದಲಿಸಿದ್ದು

ಶಿವಮೊಗ್ಗದ ನಮ್ಮ ಮನೆ ಕಟ್ಟಿದ್ದು 1986ರಲ್ಲಿ. ನಡುಮನೆಗೆ ರೆಡ್ ಆಕ್ಸೈಡ್, ಮಿಕ್ಕ ಕಡೆಗೆಲ್ಲ ಮೊಸಾಯಿಕ್. ರೆಡ್ ಆಕ್ಸೈಡ್ ಇವತ್ತಿಗೂ ಕನ್ನಡಿಯ ಹಾಗಿದೆ. ಮೊಸಾಯಿಕ್ ಮಾತ್ರ ಅಡುಗೆಮನೆಯಲ್ಲಿ ಕುಸಿದು, ಎರಡು ರೂಮುಗಳಲ್ಲಿ ಎದ್ದು, ಅಮ್ಮ ಎರಡು ಸಲ ಎಡವಿ ಬಿದ್ದರು. ಎರಡನೇ ಸಲ ಮಣಿಕಟ್ಟು ಊದಿಕೊಂಡಿತು. ಅವತ್ತೇ ತೀರ್ಮಾನ ಮಾಡಿದೆ, ಮುಂದಿನ ಮಳೆಗಾಲದೊಳಗೆ ಈ ನೆಲ ಬದಲಾಗಲೇಬೇಕು.

ಆಗ 2024ರ ಜನವರಿ. ನಾನು ಹೈಸ್ಕೂಲು ಟೀಚರ್, ದೊಡ್ಡ ಕೆಲಸಕ್ಕೆ ಸಿಗುವುದು ಬೇಸಿಗೆ ರಜೆಯೊಂದೇ. ಟೈಲ್ಸ್ ಅಂಗಡಿಗೆ ಹೋಗುವ ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿ ಮೇಜಿನ ಮೇಲೆ ಹರಡಿಕೊಂಡೆ. ಏಪ್ರಿಲ್ 9ಕ್ಕೆ ಉಗಾದಿ. ಹಬ್ಬಕ್ಕೆ ಊರಿಗೆ ಹೋದ ಕೆಲಸದವರು ಒಂದು ವಾರ ವಾಪಸ್ ಬರುವುದಿಲ್ಲ. ಮೇ 10 ಬಸವ ಜಯಂತಿ. ಮೇ 29ಕ್ಕೆ ಶಾಲೆ ಶುರು, ಅದರ ಬೆನ್ನಿಗೇ ಮಳೆ. ಮಾರ್ಚ್‌ನಲ್ಲಿ ಇನ್ನೊಂದು ಸೇರಿತು: ಮೇ 7ಕ್ಕೆ ನಮ್ಮ ಜಿಲ್ಲೆಯಲ್ಲಿ ಲೋಕಸಭೆ ಮತದಾನ, ನನಗೆ ಚುನಾವಣಾ ಡ್ಯೂಟಿ. 6ರ ಬೆಳಿಗ್ಗೆ ಮಸ್ಟರಿಂಗ್‌ಗೆ, ಅಂದರೆ ಮತಯಂತ್ರ ಪಡೆದು ಮತಗಟ್ಟೆಗೆ ಹೊರಡಲು, ಹೋದರೆ ಮನೆ ಸೇರುವುದು 7ರ ರಾತ್ರಿ. ಕೆಲಸದ ನಡುಮಧ್ಯೆ ಎರಡು ದಿನ ಮನೆಯಲ್ಲೇ ಇರುವುದಿಲ್ಲವಲ್ಲ ಎಂದು ಮೊದಲು ಗಾಬರಿಯಾಯಿತು.

ದಾರಿ ತೋರಿಸಿದ್ದು ಮೇಸ್ತ್ರಿ. ಮನೆಗೆ ಬಂದವರು ನಾಣ್ಯದಲ್ಲಿ ಒಂದೊಂದೇ ಕಲ್ಲು ತಟ್ಟಿ, ಟೊಳ್ಳು ಸದ್ದು ಬಂದ ಕಡೆ ಚಾಕ್‌ಪೀಸಿನಲ್ಲಿ ಗುರುತು ಹಾಕುತ್ತಾ ಹೋದರು. ಅಡುಗೆಮನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಗುರುತು. ಹಳೆಯದರ ಮೇಲೇ ಹೊಸ ಟೈಲ್ಸ್ ಅಂಟಿಸಿದರೆ ಬೇಗ ಮುಗಿಯುತ್ತದೆ ಎಂದು ಹಲವರು ಹೇಳಿದ್ದರು. ಆದರೆ ಅಡಿಯಲ್ಲೇ ಟೊಳ್ಳಿದ್ದರೆ ಮೇಲಿನದು ಎಷ್ಟು ದಿನ ನಿಂತೀತು? ಜೊತೆಗೆ ನಡುಮನೆಗಿಂತ ಬೇರೆ ರೂಮುಗಳ ನೆಲ ಎತ್ತರವಾಗಿ, ಅಮ್ಮನಿಗೆ ಎಡವಲು ಹೊಸ ಜಾಗವಾಗುತ್ತಿತ್ತು. ಹಾಗಾಗಿ ಪೂರ್ತಿ ಒಡೆಯುವುದೆಂದಾಯಿತು. ನಡುಮನೆಯನ್ನು ಮುಟ್ಟುವುದು ಬೇಡ ಎಂದು ನಾನೇ ಹಟ ಹಿಡಿದೆ. ಚೆನ್ನಾಗಿರುವ ರೆಡ್ ಆಕ್ಸೈಡನ್ನು ಫ್ಯಾಷನ್ನಿಗೆಂದು ಒಡೆದುಹಾಕುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಅಂಥ ನೆಲ ಉಜ್ಜಿ ಕೂರಿಸುವ ಕೈಗಳು ಈಗ ಸುಲಭಕ್ಕೆ ಸಿಗುವುದಿಲ್ಲ.

ಮೇಸ್ತ್ರಿ ಹೇಳಿದ ಲೆಕ್ಕ ಇದು. ದಿನಕ್ಕೆ ನೂರು ಚದರಡಿಯಂತೆ ಹಿಡಿದರೂ ಟೈಲ್ಸ್ ಕೂರಿಸಲು ಬೇಕಾಗುವುದು ಆರೇಳು ದಿನ. ಹೆಚ್ಚು ದಿನ ತಿನ್ನುವುದು ಕಾಯುವ ಕೆಲಸ. ಒಡೆದ ಮೇಲೆ ಹಾಕುವ ಸಿಮೆಂಟ್ ಬೆಡ್‌ಗೆ ಏಳು ದಿನ ನೀರು ಕುಡಿಸಬೇಕು. ವಿಟ್ರಿಫೈಡ್ ಟೈಲ್ಸ್ ನೀರನ್ನೇ ಹೀರುವುದಿಲ್ಲ ಎನ್ನಬಹುದು, ಅರ್ಧ ಪರ್ಸೆಂಟಿಗೂ ಕಡಿಮೆ. ಆದ್ದರಿಂದ ಬರೀ ಸಿಮೆಂಟ್ ಹಾಲಿಗೆ ಅದು ಸರಿಯಾಗಿ ಕಚ್ಚುವುದಿಲ್ಲ, ಅಂಟು ಬಳಿದೇ ಕೂರಿಸಬೇಕು. ಆಮೇಲೆ ಟೈಲ್ಸ್ ಸಂದಿಗಳಿಗೆ ಗ್ರೌಟ್ ಎಂಬ ಪೇಸ್ಟ್ ತುಂಬುವ ತನಕ ಕಡಿಮೆಯೆಂದರೂ ಒಂದು ದಿನ ಯಾರೂ ತುಳಿಯಬಾರದು. ಅಂದಮೇಲೆ ನಾನು ಮನೆಯಲ್ಲಿರದ ಎರಡು ದಿನಕ್ಕೆ ಈ ಕಾಯುವ ಕೆಲಸವನ್ನೇ ತಂದು ಕೂರಿಸಿದರಾಯಿತು! ಮೇ 7ರಂದು ಮೇಸ್ತ್ರಿ ಮತ್ತು ಹುಡುಗರು ಕೂಡ ವೋಟು ಹಾಕಲು ಊರಿಗೆ ಹೋಗುವವರೇ.

ಅಲ್ಲಿಂದ ಹಿಂದಕ್ಕೆ ಎಣಿಸಿದೆವು. ಮೊದಲ ಪಾಳಿ ಎರಡು ರೂಮು ಮತ್ತು ಪ್ಯಾಸೇಜ್, ಮುನ್ನೂರು ಚದರಡಿ. ಏಪ್ರಿಲ್ 22, 23 ಒಡೆಯುವುದು, 24ಕ್ಕೆ ಒಡೆದ ಮಣ್ಣು ಸಾಗಿಸುವುದು, 25ಕ್ಕೆ ಬೆಡ್. ಮೇ 2ರವರೆಗೆ ನೀರು. 3ರಿಂದ 5ರವರೆಗೆ ಟೈಲ್ಸ್. 6, 7 ಮನೆಗೆ ಬೀಗ. 8ಕ್ಕೆ ಗ್ರೌಟ್. 9ನೇ ತಾರೀಖು ಸಾಮಾನೆಲ್ಲ ಆ ರೂಮುಗಳಿಗೆ ಸಾಗಿಸಿ, ಹಾಲ್ ಮತ್ತು ಅಡುಗೆಮನೆಯ ಎರಡನೇ ಪಾಳಿ ಶುರು. ಅದೂ ಇದೇ ಕ್ರಮದಲ್ಲಿ 24ಕ್ಕೆ ಮುಗಿಯಬೇಕು. ಶಾಲೆಗೆ ಮುಂಚೆ ನಾಲ್ಕು ದಿನ ಕೈಯಲ್ಲಿ ಉಳಿಯುತ್ತದೆ. ಆ ನಾಲ್ಕು ದಿನವನ್ನು ಯಾವುದಕ್ಕೂ ಬರೆದುಕೊಳ್ಳಲಿಲ್ಲ. ಬಾಗಿಲ ಅಡಿ ಕೆತ್ತುವುದು, ಗೋಡೆಯ ಬುಡಕ್ಕೆ ಬಣ್ಣ ಹಚ್ಚುವುದು, ಎಲ್ಲ ಕೊನೆಗೆ ಅಲ್ಲೇ ಹಿಡಿಸಿತು.

ನೀರು ಕುಡಿಸುವ ವಾರ ಮೇಸ್ತ್ರಿಗೆ ನಮ್ಮಲ್ಲಿ ಕೆಲಸವಿಲ್ಲ, ಬೇರೆ ಕಡೆ ಹೋಗುತ್ತಾರೆ. ಹಾಗೆ ಹೋದವರು ಹೇಳಿದ ದಿನ ವಾಪಸ್ ಬರುವುದಿಲ್ಲ ಎಂಬುದು ಎಲ್ಲರ ದೂರು. ನಾನು ಎರಡು ಪಾಳಿಯ ತಾರೀಖುಗಳನ್ನೂ ಹಾಳೆಯಲ್ಲಿ ಬರೆದು ಒಂದು ಪ್ರತಿ ಅವರಿಗೇ ಕೊಟ್ಟೆ, ದುಡ್ಡನ್ನೂ ಹಂತಕ್ಕೆ ತಕ್ಕಂತೆ ಹಂಚಿದೆ: ಮಣ್ಣು ಹೋದ ದಿನ ಇಷ್ಟು, ಬೆಡ್ ಆದ ದಿನ ಇಷ್ಟು, ಗ್ರೌಟ್ ಆದ ದಿನ ಇಷ್ಟು. ಯಾವ ವಾರ ಬಿಡುವೆಂದು ಮೊದಲೇ ಗೊತ್ತಿದ್ದರಿಂದ ಅವರೂ ಆ ವಾರಕ್ಕೆ ಇನ್ನೊಂದು ಸಣ್ಣ ಕೆಲಸ ಹಿಡಿದುಕೊಂಡರು. ಎರಡು ಸಲವೂ ಹೇಳಿದ ದಿನ ಬೆಳಿಗ್ಗೆ ಎಂಟೂವರೆಗೆ ಬಾಗಿಲಲ್ಲಿದ್ದರು.

ಟೈಲ್ಸ್ ಲೆಕ್ಕ ನಾನೇ ಮಾಡಿದೆ. ನೆಲ 602 ಚದರಡಿ, ಗೋಡೆಯ ಬುಡಕ್ಕೆ ಅಂಟಿಸುವ ನಾಲ್ಕಿಂಚಿನ ಪಟ್ಟಿಗೆ (ಸ್ಕರ್ಟಿಂಗ್) 65, ಒಡೆದು ಕತ್ತರಿಸಿ ಹೋಗುವುದಕ್ಕೆ ನೂರಕ್ಕೆ ಎಂಟು. ಎರಡಡಿಗೆ ಎರಡಡಿಯ ನಾಲ್ಕು ಟೈಲ್ಸ್ ಇರುವ ಬಾಕ್ಸ್ ಒಂದಕ್ಕೆ ಹದಿನೈದೂವರೆ ಚದರಡಿ. 47 ಬಾಕ್ಸ್ ಬಂತು, 48 ಹೇಳಿದೆ. ಏಪ್ರಿಲ್ 18ರಂದು ಲೋಡ್ ಬಂದಾಗ ಹಮಾಲಿಗಳನ್ನು ಸ್ವಲ್ಪ ನಿಲ್ಲಿಸಿ ಪ್ರತಿ ಬಾಕ್ಸಿನ ಬ್ಯಾಚ್ ನಂಬರ್ ಓದಿದೆ. 38 ಒಂದು ಬ್ಯಾಚ್, 10 ಇನ್ನೊಂದು. ಅಂಗಡಿಯವರು ಫೋನಿನಲ್ಲಿ "ಏನೂ ವ್ಯತ್ಯಾಸ ಗೊತ್ತಾಗಲ್ಲ ಮೇಡಂ" ಅಂದರು. ಎರಡರಿಂದಲೂ ಒಂದೊಂದು ತೆಗೆದು ಜಗಲಿಯಲ್ಲಿ, ಬೆಳಗಿನ ಬೆಳಕಿಗೆ ಜೋಡಿಸಿ ಇಟ್ಟೆ. ಒಂದು ಹಾಲಿನ ಬಿಳುಪು, ಇನ್ನೊಂದು ಕೆನೆಯದು. ಬದಲಾಯಿಸಿ ಕೊಡಲು ಗುಜರಾತಿನ ಮೋರ್ಬಿಯಿಂದ ಮಾಲು ಬರಬೇಕು, ಹದಿನೈದು ದಿನ ಅಂದರು. ಅಷ್ಟು ಕಾದರೆ ಮಳೆಗೆ ಸಿಕ್ಕಿಹಾಕಿಕೊಳ್ಳುತ್ತೇವೆ. ಮತ್ತೆ ಲೆಕ್ಕ ಹಾಕಿದೆ. ಹಿಂದಿನ ರೂಮು ಸ್ಕರ್ಟಿಂಗ್, ವೇಸ್ಟೇಜ್ ಎಲ್ಲ ಸೇರಿ 144 ಚದರಡಿ, ಹತ್ತು ಬಾಕ್ಸಿಗೆ ಸರಿಹೋಗುತ್ತದೆ. ಆ ಹತ್ತನ್ನೂ ಅಲ್ಲಿಗೇ ಮೀಸಲಿಟ್ಟೆವು. ಆ ರೂಮಿಗೆ ಹೊಸ್ತಿಲಿರುವುದರಿಂದ ಎರಡು ಬಣ್ಣ ಎಲ್ಲೂ ಪಕ್ಕಪಕ್ಕ ಬರಲಿಲ್ಲ.

ಒಡೆದ ಮಣ್ಣಿನ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ. ಮೂರಿಂಚು ದಪ್ಪ ಎದ್ದುಬಂದರೆ ಆರುನೂರು ಚದರಡಿಗೆ 150 ಘನ ಅಡಿ, ಒಡೆದು ರಾಶಿ ಹಾಕಿದಾಗ ಅದು ಒಂದೂವರೆ ಪಟ್ಟು ಉಬ್ಬುತ್ತದೆ. ಮೂರು ಟ್ರ್ಯಾಕ್ಟರ್ ಟ್ರಿಪ್ ಆಯಿತು. ಟ್ರ್ಯಾಕ್ಟರ್ ಹೇಳಿಟ್ಟುಕೊಳ್ಳದೆ ಒಡೆದರೆ ಅದರ ಮೇಲೇ ಹತ್ತಿಳಿದು ವಾರ ಕಳೆಯಬೇಕಾಗುತ್ತದೆ. ಒಡೆಯುವ ದಿನಗಳಲ್ಲಿ ಧೂಳಿಗೆ ಹೆದರಿ, ಮನೆಗೆ ಬೀಗ ಹಾಕಿದ ಎರಡು ದಿನವೂ, ಅಮ್ಮನನ್ನು ತೀರ್ಥಹಳ್ಳಿಯ ಚಿಕ್ಕಮ್ಮನ ಮನೆಗೆ ಕಳಿಸಿದೆ. ಮಿಕ್ಕ ದಿನ ಅವರ ಹಾಸಿಗೆ ನಡುಮನೆಯಲ್ಲಿ. ಎರಡನೇ ಪಾಳಿಯ ಹದಿನಾರು ದಿನ ಒಲೆ ಹಿತ್ತಲ ಜಗಲಿಗೆ ಹೋಯಿತು. ಗಂಜಿ, ಚಿತ್ರಾನ್ನ, ತಂಬುಳಿಯಲ್ಲೇ ಕಳೆದೆವು. ಮೇ ಮಧ್ಯದಲ್ಲಿ ಮಳೆ ಹೊಡೆದಾಗ ಜಗಲಿಗೂ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ರಾಶಿಗೂ ಟಾರ್ಪಾಲು ಕಟ್ಟಿದ್ದು ಕೆಲಸಕ್ಕೆ ಬಂತು.

ಇಡೀ ಕೆಲಸದಲ್ಲಿ ನನ್ನ ಕಣ್ಣಿಗೆ ಕಟ್ಟಿದಂತಿರುವುದು ಏಪ್ರಿಲ್ 25ರ ಬೆಳಿಗ್ಗೆ. ಮೇಸ್ತ್ರಿ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಂದು ತುದಿಯನ್ನು ನಡುಮನೆಯ ಗೋಡೆಗೆ, ನೆಲದಿಂದ ಮೂರಡಿ ಮೇಲಿನ ಗೆರೆಗೆ ಹಿಡಿದರು. ಇನ್ನೊಂದು ತುದಿ ಹಿಡಿದ ಹುಡುಗ ಪ್ಯಾಸೇಜ್ ದಾಟಿ ರೂಮಿನ ಮೂಲೆಗೆ ಹೋದ. ಪೈಪಿನೊಳಗಿನ ನೀರು ಮೇಲೆ ಕೆಳಗೆ ತೂಗಾಡಿ ನಿಲ್ಲುವವರೆಗೆ ಯಾರೂ ಮಾತಾಡಲಿಲ್ಲ. ನಿಂತ ಕಡೆ ಪೆನ್ಸಿಲ್ ಗೆರೆ. ಹೀಗೆ ಮೂಲೆ ಮೂಲೆಗೂ ರೆಡ್ ಆಕ್ಸೈಡಿನ ಮಟ್ಟವನ್ನೇ ಒಯ್ದರು. ಟೈಲ್ಸ್ ಒಂಬತ್ತು ಮಿಲಿಮೀಟರ್, ಅಂಟು ನಾಲ್ಕು. ಬೆಡ್ ಆ ಮಟ್ಟಕ್ಕಿಂತ ಹದಿಮೂರು ಮಿಲಿಮೀಟರ್ ಕೆಳಗೆ ನಿಲ್ಲಬೇಕು. ಅದಕ್ಕೆ ಸರಿಯಾಗಿ ಒಂದು ಮರದ ಚಕ್ಕೆ ಕತ್ತರಿಸಿ ಜೇಬಿನಲ್ಲಿಟ್ಟುಕೊಂಡರು, ಸಂಜೆಯವರೆಗೂ ಅದನ್ನೇ ಇಟ್ಟು ಇಟ್ಟು ನೋಡಿದರು.

ಮೇ 8ರ ಬೆಳಿಗ್ಗೆ ಎದ್ದವಳು ನೇರ ಪ್ಯಾಸೇಜಿಗೆ ಹೋಗಿ, ಕೆಂಪು ನೆಲ ಬಿಳಿ ನೆಲಕ್ಕೆ ಸೇರುವ ಕಡೆ ಅಂಗೈ ಸವರಿ ನೋಡಿದೆ. ಕೈಗೆ ಏನೂ ತಗಲಲಿಲ್ಲ. ತೀರ್ಥಹಳ್ಳಿಯಿಂದ ಬಂದ ಅಮ್ಮನೂ ಬರಿಗಾಲಿನಲ್ಲಿ ಅಲ್ಲಿ ಎರಡು ಸಲ ಆಚೆ ಈಚೆ ದಾಟಿದರು.

ಎಲ್ಲ ಮುಗಿದು ಐದು ಟೈಲ್ಸ್ ಉಳಿದಿವೆ. ಮುಂದೆ ಒಂದು ಒಡೆದರೆ ಇದೇ ಬಣ್ಣ ಅಂಗಡಿಯಲ್ಲಿ ಸಿಗುವುದಿಲ್ಲ. ಯಾವುದು ಯಾವ ಬ್ಯಾಚಿನದೆಂದು ಹಿಂಬದಿಗೆ ಬರೆದು ಅಟ್ಟದ ಮೇಲಿಟ್ಟಿದ್ದೇನೆ.