ಹಳೆಯ ಡೀಸೆಲ್ ಪಿಕ್‌ಅಪ್‌ನ ‘ಮಿಸ್ಸಿಂಗ್’: ಪಂಪು ಬಿಚ್ಚಿಸುವ ಮೊದಲು

ಅಡಿಕೆ ಚೀಲ, ಮುರಕಲ್ಲು, ಬಾಳೆಗೊನೆ ಎಂದು ಹದಿನೈದಿಪ್ಪತ್ತು ವರ್ಷ ದುಡಿದ ಡೀಸೆಲ್ ಪಿಕ್‌ಅಪ್ ಒಂದು ದಿನ ನಿಂತಲ್ಲೇ ನಡುಗತೊಡಗಿದರೆ, ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯದ ಕಡೆ ಅದಕ್ಕೆ ‘ಮಿಸ್ಸಿಂಗ್’ ಎಂಬ ಒಂದೇ ಹೆಸರು. ಹೆಸರು ಒಂದಾದರೂ ಕಾರಣಗಳು ಹಲವು. ಆದರೆ ಅವುಗಳಲ್ಲಿ ಹೆಚ್ಚು ಖರ್ಚಿನದಾದ ಪಂಪು-ನೋಝಲ್ (ಡೀಸೆಲ್ಲನ್ನು ಒತ್ತಡದಲ್ಲಿ ಕಳಿಸುವ ಪಂಪು, ಅದನ್ನು ಸಿಲಿಂಡರಿನೊಳಗೆ ಸಿಂಪಡಿಸುವ ನೋಝಲ್) ಕೆಲಸಕ್ಕೇ ಮೊದಲು ಕೈಹಾಕುವುದು ರೂಢಿಯಾಗಿಬಿಟ್ಟಿದೆ. ನಾನೂ ಒಮ್ಮೆ ಪಂಪು ಬಿಚ್ಚಿಸಿ, ಅದು ಕಳಿಸುವ ಡೀಸೆಲ್ಲಿನ ಅಳತೆ ಹೊಂದಿಸುವ ಕ್ಯಾಲಿಬ್ರೇಷನ್ ಮಾಡಿಸಿ, ಹಣ ಕೊಟ್ಟು ಬಂದ ಮೇಲೆ, ದೋಷವಿದ್ದದ್ದು ಟ್ಯಾಂಕಿನಿಂದ ಬರುವ ರಬ್ಬರ್ ಪೈಪಿನ ಸಡಿಲ ಕ್ಲಿಪ್ಪಿನಲ್ಲಿ ಎಂದು ಕಂಡುಕೊಂಡವನು. ಇಲ್ಲಿ ಹೇಳುತ್ತಿರುವುದು ಮೆಕ್ಯಾನಿಕಲ್ ಪಂಪಿರುವ ನಾಲ್ಕು ಸಿಲಿಂಡರಿನ ಹಳೆಯ ಇಂಜಿನ್‌ಗಳ ವಿಚಾರ ಮಾತ್ರ.

ಸ್ಪ್ಯಾನರ್ ಹಿಡಿಯುವ ಮೊದಲು ಕಿವಿಗೊಡಬೇಕು. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಪ್ರತಿಯೊಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆಯಂತೆ 400 ಬಾರಿ ಉರಿಯುತ್ತದೆ. ಒಂದು ಸಿಲಿಂಡರ್ ಕೆಲಸ ನಿಲ್ಲಿಸಿದರೆ ಸೈಲೆನ್ಸರಿನ ಸದ್ದಿನಲ್ಲಿ ಪ್ರತಿ ನಾಲ್ಕನೆಯ ಪೆಟ್ಟು ತಪ್ಪುತ್ತದೆ, ಮತ್ತು ಆ ತಪ್ಪುವಿಕೆ ನಿಯಮಿತವಾಗಿರುತ್ತದೆ. ಚೆಂಡೆ ಕೇಳಿ ಬೆಳೆದ ಕಿವಿಗೆ ಇದನ್ನು ಹಿಡಿಯುವುದು ಕಷ್ಟವಲ್ಲ. ಸದ್ದು ಒಮ್ಮೆ ಏರಿ ಒಮ್ಮೆ ಇಳಿದು, ಯಾವ ತಾಳಕ್ಕೂ ಸಿಗದೆ ಹೋದರೆ ಡೀಸೆಲ್‌ನೊಂದಿಗೆ ಗಾಳಿಯೋ ನೀರೋ ಬರುತ್ತಿದೆಯೆಂದು ಮೊದಲು ಶಂಕಿಸಬೇಕು. ಸದ್ದು ಸಮವಾಗಿದ್ದು ಕ್ಯಾಬಿನ್ ಮಾತ್ರ ಅದುರುತ್ತಿದ್ದರೆ ಇಂಜಿನ್ನಿನ ಮೌಂಟಿಂಗ್ ರಬ್ಬರ್ ಹರಿದಿರಬಹುದು, ಅದನ್ನು ಟಾರ್ಚ್ ಹಿಡಿದು ನೋಡಿದರೆ ಸಾಕು.

ನಮ್ಮ ಕಡೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೂ ಈ ತೊಂದರೆಗೂ ನಂಟಿದೆ. ಅರ್ಧ ತುಂಬಿದ ಟ್ಯಾಂಕಿನ ಒಳಗೋಡೆಯಲ್ಲಿ ತೇವ ಹನಿಗಟ್ಟಿ ತಳಕ್ಕಿಳಿಯುತ್ತದೆ. ಮುಚ್ಚಳದ ರಬ್ಬರ್ ಹೋಗಿದ್ದರೆ ಮಳೆನೀರೇ ಒಳಗೆ ಬರುತ್ತದೆ. ಗಡಿಯಾಚೆ ಕರ್ನಾಟಕದಲ್ಲಿ ಬೆಲೆ ಕಡಿಮೆಯೆಂದು ಕ್ಯಾನ್‌ನಲ್ಲಿ ತಂದು ಕೊಟ್ಟಿಗೆಯಲ್ಲಿಟ್ಟ ಡೀಸೆಲ್ಲಿನ ತಳದಲ್ಲಿ ಏನಿರುತ್ತದೆಯೆಂದು ನೋಡುವವರು ವಿರಳ. ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ ಒಂದು ಗ್ಲಾಸಿನಷ್ಟು ಡೀಸೆಲ್ಲನ್ನು ಬಿಳಿ ಗಾಜಿನ ಬಾಟಲಿಗೆ ಇಳಿಸಿ ಹತ್ತು ನಿಮಿಷ ಅಲುಗಿಸದೆ ಇಡಬೇಕು. ನೀರು ಡೀಸೆಲ್‌ಗಿಂತ ಭಾರವಾದ್ದರಿಂದ ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ನೀರು ಕಂಡರೆ ಫಿಲ್ಟರ್ ಬದಲಿಸಿದರಷ್ಟೇ ಸಾಲದು, ಟ್ಯಾಂಕನ್ನೂ ಖಾಲಿ ಮಾಡಿ ತೊಳೆಯಬೇಕು.

ಗಾಳಿಯನ್ನು ಪತ್ತೆಹಚ್ಚುವುದು ಇನ್ನೂ ಸೂಕ್ಷ್ಮವಾದ ಕೆಲಸ, ಏಕೆಂದರೆ ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳುವ ಫೀಡ್ ಪಂಪಿನವರೆಗಿನ ಪೈಪು ಎಳೆಯುವ ಪೈಪಾಗಿರುವುದರಿಂದ ಅದರಲ್ಲಿ ರಂಧ್ರವಿದ್ದರೆ ಡೀಸೆಲ್ ಹೊರಗೆ ಸೋರದೆ ಗಾಳಿ ಒಳಗೆ ಸೇರುತ್ತದೆ, ಹೊರಗಿನಿಂದ ಪೈಪು ಒಣಗಿಯೇ ಕಾಣುತ್ತದೆ. ಫೀಡ್ ಪಂಪಿಗೆ ಸೇರುವ ಕಡೆ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪನ್ನು ತಾತ್ಕಾಲಿಕವಾಗಿ ಜೋಡಿಸಿ ಇಂಜಿನ್ ಓಡಿಸಿದರೆ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ. ಗುಳ್ಳೆ ಬಂದರೆ ಹಳೆಯ ರಬ್ಬರ್ ಪೈಪು, ಕ್ಲಿಪ್ಪು, ವಾಷರ್‌ಗಳನ್ನು ಟ್ಯಾಂಕಿನ ಕಡೆಯಿಂದ ಒಂದೊಂದಾಗಿ ಬದಲಿಸುತ್ತ ಬರಬೇಕು. ಬಳಿಕ ಫಿಲ್ಟರಿನ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ನೊರೆಯಿಲ್ಲದ ಡೀಸೆಲ್ ಬರುವವರೆಗೆ ಹ್ಯಾಂಡ್ ಪಂಪು ಒತ್ತಿ ಏರ್ ತೆಗೆಯಬೇಕು. ಈ ಹೊತ್ತಿನಲ್ಲೇ ಏರ್ ಕ್ಲೀನರನ್ನೂ ತೆರೆದು ನೋಡುವುದು ಒಳ್ಳೆಯದು. ಕಲ್ಲಿನ ಕೋರೆಗೆ ಹೋಗುವ ಗಾಡಿಯಲ್ಲಿ ಅದು ಕೆಂಪು ಧೂಳಿನಿಂದ ಕಟ್ಟಿಹೋಗಿದ್ದರೆ ಕಪ್ಪು ಹೊಗೆ ಬರುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಪೆಟ್ಟು ತಪ್ಪುತ್ತಿದ್ದರೆ ಯಾವ ಸಿಲಿಂಡರ್ ದುರ್ಬಲವೆಂದು ಕಂಡುಹಿಡಿಯಬೇಕು. ಇಂಜಿನ್ ಐಡಲ್‌ನಲ್ಲಿರುವಾಗ ಇಂಜೆಕ್ಟರಿಗೆ (ನೋಝಲ್ ಇರುವ ಭಾಗಕ್ಕೆ) ಸೇರುವ ಹೈ ಪ್ರೆಶರ್ ಪೈಪಿನ ನಟ್ಟನ್ನು, ಸಾಮಾನ್ಯವಾಗಿ 17 ಅಥವಾ 19ರ ಸ್ಪ್ಯಾನರಿನಿಂದ, ಅರ್ಧ ಸುತ್ತು ಸಡಿಲಿಸಿ ಸದ್ದನ್ನು ಗಮನಿಸಿ, ಮತ್ತೆ ಬಿಗಿದು, ಮುಂದಿನ ಸಿಲಿಂಡರಿಗೆ ಹೋಗಬೇಕು. ಚೆನ್ನಾಗಿ ಉರಿಯುತ್ತಿರುವ ಸಿಲಿಂಡರಿನ ನಟ್ಟು ಸಡಿಲಿಸಿದಾಗ ಇಂಜಿನ್ ಇನ್ನಷ್ಟು ನಡುಗುತ್ತದೆ. ಯಾವುದನ್ನು ಸಡಿಲಿಸಿದರೂ ಸದ್ದಿನಲ್ಲಿ ವ್ಯತ್ಯಾಸವಾಗುವುದಿಲ್ಲವೋ ಅದೇ ತಪ್ಪಿದ ಸಿಲಿಂಡರ್. ನಟ್ಟಿನ ಮೇಲೆ ಬಟ್ಟೆ ಹೊದಿಸಿ, ಕನ್ನಡಕ ಹಾಕಿಕೊಂಡು, ಕೈಯನ್ನು ಎಂದಿಗೂ ಚಿಮ್ಮುವ ದಾರಿಗೆ ಅಡ್ಡ ತಾರದೆ ಈ ಕೆಲಸ ಮಾಡಬೇಕು. ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಗಿಳಿಯುತ್ತದೆ, ಹಾಗಾದರೆ ನೋವಿಲ್ಲದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಾಮನ್ ರೈಲ್ ಎಂಬ ಹೊಸ ಬಗೆಯ, ಎಲೆಕ್ಟ್ರಾನಿಕ್ ನಿಯಂತ್ರಣದ ಇಂಜಿನ್ನಿನಲ್ಲಿ ಪೈಪಿನ ಒತ್ತಡ 1000 ಬಾರ್ ದಾಟಬಲ್ಲದು, ಆದ್ದರಿಂದ ಅದರಲ್ಲಿ ಈ ಪರೀಕ್ಷೆಯನ್ನು ಮಾಡಲೇಬಾರದು.

ತಪ್ಪಿದ ಸಿಲಿಂಡರ್ ಮೂರನೆಯದೆಂದು ಇಟ್ಟುಕೊಳ್ಳೋಣ. ಇಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಮೂರರ ಇಂಜೆಕ್ಟರನ್ನು ಎರಡಕ್ಕೂ ಎರಡರದನ್ನು ಮೂರಕ್ಕೂ ಹಾಕಿ, ತಳದ ತಾಮ್ರದ ವಾಷರನ್ನು ಹೊಸದಾಗಿಯೇ ಕೂರಿಸಿ, ಅದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. ದೋಷ ಎರಡನೆಯ ಸಿಲಿಂಡರಿಗೆ ಸರಿದರೆ ಇಂಜೆಕ್ಟರೇ ಕೆಟ್ಟಿದೆ. ಅದೊಂದನ್ನು ನೋಝಲ್ ಅಂಗಡಿಗೆ ಒಯ್ದರೆ ಸಾಕು, ಪಂಪನ್ನು ಮುಟ್ಟಬೇಕಾಗಿಲ್ಲ. ದೋಷ ಮೂರರಲ್ಲೇ ಉಳಿದರೆ ಮೊದಲು ಟ್ಯಾಪೆಟ್ ಗ್ಯಾಪನ್ನು (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದನ್ನು) ಆ ಇಂಜಿನ್ನಿನ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಫೀಲರ್ ಗೇಜಿನಿಂದ ಹೊಂದಿಸಬೇಕು, ಏಕೆಂದರೆ ಗ್ಯಾಪ್ ತೀರ ಕಡಿಮೆಯಾಗಿ ವಾಲ್ವ್ ಪೂರ್ತಿ ಮುಚ್ಚದಿದ್ದರೂ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಅದುಮಿದ ಗಾಳಿಯ ಒತ್ತಡ, ಹೋಗುತ್ತದೆ. ಅದಾದ ಮೇಲೆ ಕಂಪ್ರೆಷನ್ ಅಳೆಯಿಸಬೇಕು. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ಬಂದು ಸೈಲೆನ್ಸರಿನಲ್ಲಿ ನೀಲಿ ಹೊಗೆಯೂ ಇದ್ದರೆ ಪಿಸ್ಟನ್ನಿನ ರಿಂಗುಗಳು ಸವೆದಿವೆ. ಬಿಳಿ ಹೊಗೆಯ ಜೊತೆಗೆ ರೇಡಿಯೇಟರಿನ ನೀರು ಕಾರಣವಿಲ್ಲದೆ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟನ್ನು ಶಂಕಿಸಬೇಕು. ಕಂಪ್ರೆಷನ್ ಎಲ್ಲದರಲ್ಲೂ ಸಮವಾಗಿದ್ದು, ಒಳ್ಳೆಯ ಇಂಜೆಕ್ಟರ್ ಹಾಕಿದರೂ ಆ ಸಿಲಿಂಡರ್ ಮಾತ್ರ ಉರಿಯದಿದ್ದರೆ, ಆಗ ಪಂಪು ಬಿಚ್ಚಿಸಬಹುದು.

ಕೆಲಸ ಮುಗಿದ ಮೇಲೆ ಸಡಿಲಿಸಿದ ನಟ್ಟುಗಳನ್ನೆಲ್ಲ ಒರೆಸಿ ಒಣಗಿಸಿ, ಲೋಡು ಹಾಕಿ ಒಂದು ಏರು ಹತ್ತಿಸಿ ಬಂದು, ಇಂಜಿನ್ ನಿಲ್ಲಿಸಿ ಮತ್ತೊಮ್ಮೆ ನೋಡಬೇಕು. ಯಾವ ನಟ್ಟಿನ ಸುತ್ತ ಒದ್ದೆಯಾಗಿದೆಯೋ ಅದನ್ನು ಇನ್ನೊಮ್ಮೆ ಬಿಗಿಯಬೇಕು.