ಮಗುವಿನ ಭಯ ಇಳಿಯಬೇಕಾದರೆ ಹೆತ್ತವರು ಏನು ಮಾಡಬೇಕು

ದಾವಣಗೆರೆಯಲ್ಲಿ ಶಾಲಾ ಮಕ್ಕಳ ಆಪ್ತ ಸಮಾಲೋಚಕಿಯಾಗಿ ಕೆಲಸ ಮಾಡುತ್ತೇನೆ. ಶಾಲೆ ಶುರುವಾಗುತ್ತಿದ್ದಂತೆ ನನ್ನ ಬಳಿಗೆ ಬರುವ ದೂರುಗಳು ಬಹುತೇಕ ಒಂದೇ ಬಗೆಯವು. ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಭಾನುವಾರ ಇಲ್ಲ. ಅಮ್ಮ ಕಣ್ಮರೆಯಾದರೆ ಅಳು. ಕೇಳಿದ್ದನ್ನೇ ಹತ್ತು ಸಲ ಕೇಳುವುದು. ‘ಮೇಡಂ, ನೀವೇ ಸ್ವಲ್ಪ ಧೈರ್ಯ ಹೇಳಿ’ ಎಂದು ಮಗುವನ್ನು ನನ್ನ ಮುಂದೆ ನಿಲ್ಲಿಸುತ್ತಾರೆ. ನಾನು ಮಗುವಿನ ಜೊತೆ ನಾಲ್ಕು ಮಾತಾಡಿ ಆಟಕ್ಕೆ ಕಳಿಸಿ, ಹೆಚ್ಚಿನ ಹೊತ್ತನ್ನು ತಂದೆ ತಾಯಿಗೆ ಕೊಡುತ್ತೇನೆ. ಕೆಲವರಿಗೆ ಇದು ಬೇಸರ ತರುತ್ತದೆ. ಆದರೆ ಹೀಗೆ ಮಾಡಲು ಗಟ್ಟಿಯಾದ ಆಧಾರವಿದೆ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮಕ್ಕಳ ಅಧ್ಯಯನ ಕೇಂದ್ರದಲ್ಲಿ ಎಲೈ ಲೆಬೊವಿಟ್ಸ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಆತಂಕದ ಕಾಯಿಲೆ ಇದ್ದ, 7ರಿಂದ 14 ವರ್ಷದ 124 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ಮಕ್ಕಳಿಗೆ ನೇರವಾಗಿ ಅರಿವು-ವರ್ತನಾ ಚಿಕಿತ್ಸೆ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ ಕೊಟ್ಟರು. ಇನ್ನೊಂದು ಗುಂಪಿನಲ್ಲಿ ಚಿಕಿತ್ಸಕರು ಮಕ್ಕಳಿಗೆ ಚಿಕಿತ್ಸೆ ಕೊಡಲೇ ಇಲ್ಲ. ವಾರಕ್ಕೊಮ್ಮೆಯಂತೆ 12 ವಾರ ಹೆತ್ತವರೊಂದಿಗೆ ಮಾತ್ರ ಕೆಲಸ ಮಾಡಿದರು. ಕೊನೆಯಲ್ಲಿ ನೋಡಿದರೆ ಎರಡೂ ಗುಂಪಿನ ಮಕ್ಕಳು ಹೆಚ್ಚುಕಡಿಮೆ ಸಮನಾಗಿಯೇ ಸುಧಾರಿಸಿದ್ದರು. ಹೆತ್ತವರೊಂದಿಗೆ ಮಾತ್ರ ಕೆಲಸ ಮಾಡುವ ಈ ಕ್ರಮಕ್ಕೆ ಅವರಿಟ್ಟ ಹೆಸರು ‘ಸ್ಪೇಸ್’.

ಭಯಕ್ಕೆ ಹೆತ್ತವರೇ ಕಾರಣ ಎಂದು ಇದನ್ನು ಓದಬೇಡಿ. ಕೆಲವು ಮಕ್ಕಳು ಹುಟ್ಟಿನಿಂದಲೇ ಅಳುಕಿನ ಸ್ವಭಾವದವರು. ಆತಂಕ ವಂಶದಲ್ಲಿಯೂ ಹರಿದು ಬರುತ್ತದೆ. ಹೆದರಿದ ಮಗು ನಮ್ಮತ್ತ ಓಡಿ ಬರುತ್ತದೆ, ಹೆದರಿಸಿದ್ದನ್ನು ನಾವು ದೂರ ಮಾಡುತ್ತೇವೆ, ಇಬ್ಬರಿಗೂ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆ ಹಾಯೆನಿಸುವಿಕೆಯೇ ತೊಡಕು. ‘ಅಮ್ಮ ಬಂದಿದ್ದಕ್ಕೆ ಬದುಕಿಕೊಂಡೆ’ ಎಂಬುದನ್ನು ಮಗು ಕಲಿಯುತ್ತದೆಯೇ ಹೊರತು ‘ನಾನೇ ತಾಳಿಕೊಂಡೆ’ ಎಂಬುದನ್ನು ಕಲಿಯಲು ಅವಕಾಶವೇ ಸಿಗುವುದಿಲ್ಲ. ಭಯಕ್ಕೆ ಹೀಗೆ ದಾರಿ ಬಿಟ್ಟುಕೊಡುವುದನ್ನು ಸಂಶೋಧಕರು ಅಳೆದು ನೋಡಿದ್ದಾರೆ: ಆತಂಕವಿರುವ ಮಕ್ಕಳ ಹೆತ್ತವರಲ್ಲಿ ಬಹುತೇಕ ಎಲ್ಲರೂ ಮಾಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ.

ಶುರು ಮಾಡುವ ಮುನ್ನ ಒಂದು ಎಚ್ಚರಿಕೆ. ಹೊಟ್ಟೆನೋವನ್ನು ಮೊದಲು ವೈದ್ಯರಿಗೆ ತೋರಿಸಿ. ಶಾಲೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ, ಹಂಗಿಸುತ್ತಾರೆಯೇ, ಮೈಮುಟ್ಟುತ್ತಾರೆಯೇ, ಅಕ್ಷರ ಓದಲು ಕಷ್ಟವಾಗುತ್ತಿದೆಯೇ ಎಂದು ಸಮಾಧಾನವಾಗಿ ವಿಚಾರಿಸಿ. ಮಗುವಿನ ಭಯಕ್ಕೆ ನಿಜವಾದ ಕಾರಣವಿದ್ದರೆ ಅದನ್ನು ತೆಗೆದುಹಾಕುವುದು ದೊಡ್ಡವರ ಕೆಲಸ, ತಾಳಿಕೊಳ್ಳುವುದು ಮಗುವಿನ ಕೆಲಸವಲ್ಲ. ಶಾಲೆಯಲ್ಲಿ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ.

ಇನ್ನು ಮಾಡಬೇಕಾದ್ದು. ಒಂದು ಮನೆಯ ಉದಾಹರಣೆ ಹಿಡಿದೇ ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಹುಡುಗ ಐದನೆಯ ತರಗತಿ. ಅಪ್ಪ ಹುಬ್ಬಳ್ಳಿ ಮಾರ್ಗದ ಬಸ್ ಚಾಲಕ, ಅಮ್ಮನದು ಹೊಲಿಗೆ ಅಂಗಡಿ. ಅಪ್ಪನ ಬಸ್ಸಿಗೆ ಅಪಘಾತವಾಗುತ್ತದೆ ಎಂಬ ಭಯ ಹುಡುಗನಿಗೆ.

ಮೊದಲ ಕೆಲಸ ಬರೆದಿಡುವುದು. ಒಂದು ವಾರ ಏನನ್ನೂ ಬದಲಿಸಬೇಡಿ. ಮಗುವಿನ ಭಯದ ಸಲುವಾಗಿ ನೀವು ಮಾಡುವ, ಮಾಡದೆ ಬಿಡುವ ಪ್ರತಿಯೊಂದನ್ನೂ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯಿರಿ. ಆ ತಾಯಿ ಬರೆದು ತಂದ ಹಾಳೆಯಲ್ಲಿ ಹೀಗಿತ್ತು: ಹರಿಹರ, ರಾಣೆಬೆನ್ನೂರು, ಹಾವೇರಿ, ಹುಬ್ಬಳ್ಳಿ — ಪ್ರತಿ ನಿಲ್ದಾಣದಿಂದಲೂ ಅಪ್ಪ ಫೋನ್ ಮಾಡುವುದು. ಹುಡುಗ ಶಾಲೆಯ ಕಚೇರಿಯ ಫೋನಿನಿಂದ ಕರೆ ಮಾಡಿದಾಗಲೆಲ್ಲ ಅಮ್ಮ ಮೆಷಿನ್ ನಿಲ್ಲಿಸಿ ಎತ್ತುವುದು. ಮಳೆ ಬಂದ ದಿನ ಶಾಲೆಗೆ ರಜೆ ಹಾಕಿಸುವುದು. ಟಿವಿಯಲ್ಲಿ ವಾರ್ತೆ ಹಾಕದಿರುವುದು. ‘ಏನೂ ಆಗುವುದಿಲ್ಲ ಅಲ್ಲವಾ?’ ಎಂಬ ಪ್ರಶ್ನೆಗೆ ‘ಇಲ್ಲ ಪುಟ್ಟ’ ಎಂದು ಮಲಗುವ ತನಕ ಉತ್ತರಿಸುವುದು. ಇಡೀ ಮನೆಯ ದಿನಚರಿಯನ್ನು ಆ ಭಯವೇ ನಡೆಸುತ್ತಿತ್ತು.

ಇಲ್ಲಿ ಒಂದು ವಿಷಯ ಗಮನಿಸಿ. ವಿದೇಶದ ಸಲಹೆಗಳಲ್ಲಿ, ಮಗು ಹೆತ್ತವರ ಜೊತೆ ಮಲಗಿದರೆ ಅದೇ ದೊಡ್ಡ ಸಮಸ್ಯೆ ಎಂಬಂತೆ ಬರೆದಿರುತ್ತದೆ. ನಮ್ಮಲ್ಲಿ ನಡುಮನೆಯಲ್ಲಿ ಸಾಲಾಗಿ ಹಾಸಿಗೆ ಹಾಸಿ ಎಲ್ಲರೂ ಮಲಗುತ್ತಾರೆ, ಅದು ರೂಢಿ. ಅದನ್ನು ಪಟ್ಟಿಗೆ ಸೇರಿಸಬೇಡಿ. ಅಜ್ಜಿ ಪಕ್ಕದಲ್ಲೇ ಇದ್ದರೂ ಅಮ್ಮ ನೀರು ಕುಡಿಯಲು ಎದ್ದ ಕೂಡಲೇ ಕಿರುಚಿಕೊಂಡರೆ, ಆಗ ಸೇರಿಸಿ.

ಎರಡನೆಯದು, ಪಟ್ಟಿಯಿಂದ ಒಂದನ್ನು ಮಾತ್ರ ಆರಿಸುವುದು. ಹೆಚ್ಚಿನವರು ಎಡವುವುದು ಇಲ್ಲಿಯೇ. ‘ಅವನು ಅಳದೆ ಶಾಲೆಗೆ ಹೋಗಬೇಕು’ ಎಂದು ಗುರಿ ಇಟ್ಟುಕೊಳ್ಳುತ್ತಾರೆ. ಅಳುವುದು ಬಿಡುವುದು ಮಗುವಿನ ಕೈಯಲ್ಲಿದೆ, ನಿಮ್ಮ ಕೈಯಲ್ಲಿಲ್ಲ. ನೀವು ಏನು ಮಾಡುತ್ತೀರಿ ಎಂಬುದಷ್ಟೇ ಗುರಿಯಾಗಬೇಕು. ಆ ಮನೆಯವರು ಫೋನನ್ನು ಆರಿಸಿಕೊಂಡರು: ಅಪ್ಪ ಹುಬ್ಬಳ್ಳಿ ಮುಟ್ಟಿದ ಮೇಲೆ ಒಮ್ಮೆ ಮಾತ್ರ ಫೋನ್ ಮಾಡುತ್ತಾರೆ, ಶಾಲೆಯಿಂದ ಬರುವ ಕರೆಯನ್ನು ಅಮ್ಮ ಊಟದ ಬಿಡುವಿನಲ್ಲಿ ಒಮ್ಮೆ ಮಾತ್ರ ಎತ್ತುತ್ತಾರೆ. ಶಾಲೆಗೆ ನಿಜವಾದ ತುರ್ತು ಇದ್ದರೆ ಶಿಕ್ಷಕಿಯೇ ತಮ್ಮ ಮೊಬೈಲಿನಿಂದ ಮಾಡುತ್ತಾರೆ ಎಂದು ಮೊದಲೇ ಮಾತಾಗಿತ್ತು. ವಾರ್ತೆ, ಮಳೆ, ರಾತ್ರಿಯ ಪ್ರಶ್ನೆ ಎಲ್ಲವನ್ನೂ ಸದ್ಯಕ್ಕೆ ಹಾಗೆಯೇ ಬಿಟ್ಟರು.

ಮೂರನೆಯದು ಮಾತು. ಎರಡು ಭಾಗವಿರುವ ಒಂದು ಮಾತನ್ನು ಬಾಯಿಗೆ ರೂಢಿ ಮಾಡಿಕೊಳ್ಳಿ: ‘ನಿನಗೆ ತುಂಬಾ ಭಯವಾಗುತ್ತಿದೆ ಎಂದು ನನಗೆ ಗೊತ್ತು ಪುಟ್ಟ. ಇದನ್ನು ನೀನು ತಾಳಿಕೊಳ್ಳಬಲ್ಲೆ ಎಂಬುದೂ ನನಗೆ ಗೊತ್ತು.’ ಎರಡೂ ಬೇಕು. ಮೊದಲರ್ಧ ಮಾತ್ರ ಹೇಳಿದರೆ ಭಯಕ್ಕೆ ತುಪ್ಪ ಸುರಿದಂತೆ. ಎರಡನೆಯ ಅರ್ಧ ಮಾತ್ರ ಹೇಳಿದರೆ ‘ಗಂಡು ಹುಡುಗ, ಹೀಗೆ ಹೆದರುತ್ತಾರಾ?’ ಎಂಬ ಹಂಗಣೆಯ ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ‘ಪಕ್ಕದ ಮನೆಯ ಹುಡುಗಿಯನ್ನು ನೋಡು’ ಎಂಬ ಹೋಲಿಕೆಯನ್ನಂತೂ ಮನೆಯಿಂದ ಆಚೆ ಕಳಿಸಿಬಿಡಿ. ಅದರಿಂದ ಧೈರ್ಯ ಬಂದ ಮಗುವನ್ನು ನಾನು ಕಂಡಿಲ್ಲ.

ಬದಲಾವಣೆಯನ್ನು ಮಗುವಿಗೆ ಮುಂಚಿತವಾಗಿ ತಿಳಿಸಿ. ಗಲಾಟೆಯ ನಡುವೆ ಹೇಳಬೇಡಿ. ಭಾನುವಾರ ತಲೆಗೆ ಎಣ್ಣೆ ಹಚ್ಚುವಾಗಲೋ ಸಂಜೆ ಮಂಡಕ್ಕಿ ತಿನ್ನುವಾಗಲೋ ಹೇಳಿ. ಕಾಗದದಲ್ಲಿ ನಾಲ್ಕು ಸಾಲು ಬರೆದು ಓದಿ ಹೇಳುವುದು ಇನ್ನೂ ಒಳ್ಳೆಯದು, ಏಕೆಂದರೆ ಬರೆದದ್ದು ವಾದಕ್ಕೆ ಇಳಿಯುವುದಿಲ್ಲ. ಏನು ಬದಲಾಗುತ್ತದೆ, ಯಾವಾಗಿನಿಂದ, ಯಾಕೆ — ಇಷ್ಟು ಸಾಕು. ಮಗು ಒಪ್ಪಬೇಕೆಂದಿಲ್ಲ. ಕಾಗದವನ್ನು ಹರಿದು ಹಾಕಿದರೂ ಬೈಯಬೇಡಿ.

ಆಮೇಲಿನ ಕೆಲವು ದಿನ ಕಷ್ಟ. ಅಳು, ಸಿಟ್ಟು, ‘ನಿನಗೆ ನನ್ನ ಮೇಲೆ ಪ್ರೀತಿಯೇ ಇಲ್ಲ’ ಎಂಬ ಮಾತು ಎಲ್ಲವೂ ಮೊದಲಿಗಿಂತ ಹೆಚ್ಚಾಗಬಹುದು. ಆ ಎರಡು ಭಾಗದ ಮಾತನ್ನೇ ಒಮ್ಮೆ ಹೇಳಿ ಸುಮ್ಮನಿರಿ. ವಾದ ಬೇಡ, ಹೊಡೆತ ಬೇಡ, ಬೆದರಿಕೆ ಬೇಡ. ಲೆಬೊವಿಟ್ಸ್ ಅವರ ಕ್ರಮದ ಹಿಂದೆ ಇಸ್ರೇಲಿನ ಮನಶ್ಶಾಸ್ತ್ರಜ್ಞ ಹೈಮ್ ಓಮರ್ ಅವರ ಪ್ರಭಾವವಿದೆ. ಓಮರ್ ಹೆತ್ತವರಿಗೆ ಹೇಳಿಕೊಟ್ಟ ಅಹಿಂಸಾತ್ಮಕ ಪ್ರತಿರೋಧಕ್ಕೆ ಪ್ರೇರಣೆ ನಮ್ಮ ಗಾಂಧೀಜಿಯ ಸತ್ಯಾಗ್ರಹ. ಇದನ್ನು ಹೇಳಿದಾಗ ಹೆತ್ತವರ ಮುಖದಲ್ಲಿ ಒಂದು ಬಲ ಬರುವುದನ್ನು ನೋಡಿದ್ದೇನೆ. ಮಣಿಯುವುದೂ ಬೇಡ, ಕೈ ಎತ್ತುವುದೂ ಬೇಡ. ಮಗು ಹತ್ತು ನಿಮಿಷ ತಾಳಿಕೊಂಡಿದ್ದನ್ನು ಕಂಡರೆ ಬೆನ್ನು ಸವರಿ ಹೇಳಿ.

ಮನೆಯ ಹಿರಿಯರನ್ನು ಬಿಟ್ಟು ಇದನ್ನು ಮಾಡಲು ಆಗುವುದಿಲ್ಲ. ಆ ಮನೆಯಲ್ಲಿ ಅಮ್ಮ ಫೋನ್ ಎತ್ತದಿದ್ದಾಗ ಹುಡುಗ ಅಜ್ಜಿಗೆ ಮಾಡುತ್ತಿದ್ದ, ಅಜ್ಜಿ ಮಗನಿಗೆ ಮಾಡುತ್ತಿದ್ದರು. ‘ಎಳೆ ಮಗುವನ್ನು ಅಳಿಸುತ್ತೀಯಲ್ಲಮ್ಮ’ ಎಂದು ಸೊಸೆಯ ಮೇಲೆ ಬೇಸರ ಬೇರೆ. ಅಜ್ಜಿಯನ್ನೂ ಕರೆಸಿದೆ. ಅವರನ್ನು ತಪ್ಪಿತಸ್ಥರಂತೆ ಕೂರಿಸದೆ ಒಂದು ಕೆಲಸ ಒಪ್ಪಿಸಿದೆ: ಪ್ರತಿ ಸಂಜೆ ಮೊಮ್ಮಗನನ್ನು ಕೂರಿಸಿಕೊಂಡು ‘ಇವತ್ತು ನೀನು ತಾಳಿಕೊಂಡೆಯಂತೆ, ಅಮ್ಮ ಹೇಳಿದಳು’ ಎನ್ನುವುದು. ಆ ಮಾತು ಅಮ್ಮನ ಬಾಯಿಂದ ಬರುವುದಕ್ಕಿಂತ ಅಜ್ಜಿಯ ಬಾಯಿಂದ ಬಂದಾಗ ಹುಡುಗನಿಗೆ ಹೆಚ್ಚು ತಾಗಿತು. ತಾಯತ ಕಟ್ಟಿಸಬೇಕು, ದೃಷ್ಟಿ ತೆಗೆಯಬೇಕು ಎಂದು ಹಿರಿಯರು ಹೇಳಿದರೆ ಅದರ ಮೇಲೆ ಜಗಳ ತೆಗೆಯಬೇಡಿ. ಆರಿಸಿಕೊಂಡ ಒಂದು ಬದಲಾವಣೆಗೆ ಅವರೂ ಬದ್ಧರಾಗಿರಲಿ, ಅಷ್ಟು ಸಾಕು.

ಅದು ನೆಲೆಗೊಂಡ ಮೇಲೆ ಮುಂದಿನದನ್ನು ಕೈಗೆತ್ತಿಕೊಳ್ಳಿ. ಆ ಮನೆಯವರು ಮಳೆಯ ದಿನದ ರಜೆಯನ್ನು ಆರಿಸಿಕೊಂಡರು.

ಮಗು ವಾರಗಟ್ಟಲೆ ಶಾಲೆಗೇ ಹೋಗುತ್ತಿಲ್ಲ, ಊಟ ನಿದ್ದೆ ಬಿಟ್ಟಿದೆ ಎಂದಾದರೆ ಮನೆಯ ಪ್ರಯತ್ನವನ್ನೇ ನಂಬಿ ಕೂರಬೇಡಿ. ಸಾಯುವ ಮಾತಾಡಿದರೆ ಅಥವಾ ತನಗೆ ತಾನೇ ಗಾಯ ಮಾಡಿಕೊಂಡರೆ ಒಂದು ದಿನವೂ ಕಾಯಬೇಡಿ. ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416, ದಿನದ 24 ಗಂಟೆ, ಕನ್ನಡದಲ್ಲಿಯೇ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾಯಿತು, ಕರೆಗೆ ಹಣವಿಲ್ಲ. ಮಗುವಿನ ಮೇಲೆ ದೌರ್ಜನ್ಯದ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿ 1098. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ಮನೋವೈದ್ಯಕೀಯ ವಿಭಾಗವಿದೆ, ಆದರೆ ಎಲ್ಲದಕ್ಕೂ ಅಲ್ಲಿಗೇ ಓಡಬೇಕಿಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದರಡಿಯಲ್ಲಿ ಜಿಲ್ಲಾ ಆಸ್ಪತ್ರೆಯಲ್ಲಿಯೇ ಮನೋವೈದ್ಯರನ್ನು ಕಾಣಬಹುದು. ಹೋಗುವಾಗ ನೀವು ಬರೆದ ಪಟ್ಟಿ, ಭಯ ಯಾವಾಗ ಶುರುವಾಯಿತು, ಎಷ್ಟು ದಿನ ಶಾಲೆ ತಪ್ಪಿದೆ, ಮನೆಯಲ್ಲಿ ಬೇರೆ ಯಾರಿಗಾದರೂ ಇಂಥ ಆತಂಕವಿತ್ತೇ ಎಂಬ ವಿವರಗಳನ್ನು ಒಂದೇ ಹಾಳೆಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ.