56 ಪರ್ಸೆಂಟಿನ ಮಗಳಿಗೆ ಕೈಗೆಟುಕುವ ಕಾಲೇಜು: ನನ್ನ ಅನುಭವ

ಮಗಳಿಗೆ ಹನ್ನೆರಡನೆಯಲ್ಲಿ ಪಿಸಿಎಂ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ 56 ಪರ್ಸೆಂಟ್. ಮಹಾರಾಷ್ಟ್ರದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ 68ರ ಆಸುಪಾಸು ಪರ್ಸೆಂಟೈಲ್. 2024ರ ಜೂನ್‌ನಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು. "ಏಜೆಂಟ್ ಹಿಡೀರಿ, ಇಲ್ಲಾಂದ್ರೆ ಇಂಜಿನಿಯರಿಂಗ್ ಮರೆತುಬಿಡಿ." ನಾನು ಹಿಡಿಯಲಿಲ್ಲ. ಇವತ್ತು ಅವಳ ಕಾಲೇಜಿಗೆ ವರ್ಷಕ್ಕೆ ನಾನು ಕಟ್ಟುವುದು ಹದಿನಾರು ಸಾವಿರದ ಹತ್ತಿರ. ಅದೇ ಬೆಂಚಿನಲ್ಲಿ ಅವಳ ಪಕ್ಕ ಕೂರುವ ಹುಡುಗಿಯ ಅಪ್ಪ ಲಕ್ಷದ ಮೇಲೆ ಕಟ್ಟುತ್ತಾರೆ.

ಅದೃಷ್ಟ ಅಂತ ನಮ್ಮ ಭಾವ ಹೇಳಿದರು. ಅಲ್ಲ. ಐದು ವರ್ಷ ಬರೆದಿಟ್ಟ ಲೆಕ್ಕ ಅದು. ಕ್ಯಾಪ್ ರೌಂಡು (ಸರ್ಕಾರವೇ ಸುತ್ತು ಸುತ್ತಾಗಿ ಸೀಟು ಹಂಚುವುದು), ಮೆರಿಟ್ ಲಿಸ್ಟು ನಿಮಗೆಲ್ಲ ಗೊತ್ತಿದ್ದದ್ದೇ. ಅದನ್ನು ಮತ್ತೆ ಹೇಳುವುದಿಲ್ಲ.

ಮೊದಲ ಪೆಟ್ಟು ಬಿದ್ದದ್ದು 2019ರಲ್ಲಿ, ಮಗನ ಸಲುವಾಗಿ. ಕಾಮರ್ಸ್‌ನಲ್ಲಿ 57 ಪರ್ಸೆಂಟ್ ಬಂದಿತ್ತು. ಮೊದಲ ಮೆರಿಟ್ ಲಿಸ್ಟ್ ನೋಡಿಯೇ ನನಗೆ ಗಾಬರಿಯಾಯಿತು. ಪರಿಚಯದವರೊಬ್ಬರು ಏಜೆಂಟನ್ನು ಕರೆತಂದರು. ಒಂದು ಕಾಲೇಜಿನಲ್ಲಿ ಬಿಎಂಎಸ್ ಅನ್ನುವ ಮ್ಯಾನೇಜ್‌ಮೆಂಟ್ ಡಿಗ್ರಿಗೆ ಮ್ಯಾನೇಜ್‌ಮೆಂಟ್ ಕೋಟಾದ ಸೀಟು, ಅವನ ಕೈಗೆ 25 ಸಾವಿರ, ರಸೀದಿ ಇಲ್ಲ. ಕಾಲೇಜಿನ ಫೀ 32 ಸಾವಿರ ಅಂದಿದ್ದರು. ಆಮೇಲೆ ಇಂಡಸ್ಟ್ರಿಯಲ್ ವಿಸಿಟ್, ಫೆಸ್ಟಿವಲ್, ಬ್ಲೇಜರ್ ಅಂತ ಸೇರಿ ವರ್ಷ ಮುಗಿಯುವಾಗ 50 ಸಾವಿರ ದಾಟಿತ್ತು. ಮಗನಿಗೆ ಎರಡು ವಿಷಯದಲ್ಲಿ ಕೆಟಿ, ಅಂದರೆ ಫೇಲು. ವರ್ಷದ ಕೊನೆಗೆ ಬಿಟ್ಟ. ಆ 75 ಸಾವಿರ ಹೆಂಡತಿಯ ಎರಡು ಬಳೆಯಿಂದ ಬಂದದ್ದು.

ನಾನು ಠಾಣೆ ಸ್ಟೇಷನ್ ಹತ್ತಿರ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವನು. ಸಂಜೆ ನಾಲ್ಕರಿಂದ ಆರರವರೆಗೆ ಕಾಲೇಜು ಹುಡುಗರೇ ಜಾಸ್ತಿ. ಆ ವರ್ಷ ಒಂದು ಲಾಂಗ್ ಬುಕ್ ತಂದು ಗಲ್ಲಾದ ಕೆಳಗೆ ಇಟ್ಟೆ. ಬಿಲ್ ಕೊಡಲು ಬಂದ ಹುಡುಗರನ್ನು ಕೇಳಲು ಶುರು ಮಾಡಿದೆ. "ಯಾವ ಕಾಲೇಜು? ಎಷ್ಟು ಮಾರ್ಕು? ಎಷ್ಟನೇ ಲಿಸ್ಟಿನಲ್ಲಿ ಸಿಕ್ಕಿತು? ಫೀ ರಸೀದಿ ಮೊಬೈಲಿನಲ್ಲಿ ಇದೆಯಾ?" ಹುಡುಗರು ಖುಷಿಯಿಂದ ತೋರಿಸುತ್ತಾರೆ. ಕಾಲೇಜಿನ ಚಂದದ ಪುಸ್ತಕದಲ್ಲಿ ಬರೆದ ಫೀ ಬೇರೆ, ರಸೀದಿಯಲ್ಲಿ ಇರುವುದು ಬೇರೆ.

ಒಂದು ರಸೀದಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಲ್ಯಾಣ್ ಕಡೆಯ ಹುಡುಗ, ಸಾದಾ ಬಿಕಾಂ, ಎಯ್ಡೆಡ್ ಡಿವಿಷನ್. ಮಡಚಿ ಮಡಚಿ ನಡುವೆ ಹರಿದ ಕಾಗದ. ಟ್ಯೂಷನ್ ಫೀ ಸಾವಿರದ ಒಳಗೆ. ಕೆಳಗೆ ಲೈಬ್ರರಿ, ಜಿಮ್‌ಖಾನಾ, ಪರೀಕ್ಷೆ, ಐಡಿ ಕಾರ್ಡ್ ಅಂತ ಸಣ್ಣ ಸಣ್ಣ ಸಾಲು. ಒಟ್ಟು ಆರು ಸಾವಿರ ಚಿಲ್ಲರೆ. ಅದೇ ಕಾಲೇಜು, ಅದೇ ಕಟ್ಟಡ. ಪಕ್ಕದ ಕೋಣೆಯಲ್ಲಿ ಸರ್ಕಾರದ ನೆರವಿಲ್ಲದ ಸೆಲ್ಫ್ ಫೈನಾನ್ಸ್ ಕೋರ್ಸಿನವರು ಇದರ ಐದು ಪಟ್ಟು ಕೊಡುತ್ತಿದ್ದರು. ಎಯ್ಡೆಡ್ ಎಂದರೆ ಮೇಷ್ಟ್ರ ಸಂಬಳ ಸರ್ಕಾರದ್ದು. ಇಷ್ಟು ಸರಳ ಸಂಗತಿ ನನಗೆ ಯಾರೂ ಹೇಳಿರಲಿಲ್ಲ. 2020ರಲ್ಲಿ ಮಗ ಮೂರನೇ ಲಿಸ್ಟಿನಲ್ಲಿ ಅಂಥದೇ ಸೀಟು ಹಿಡಿದ. ಮೂರು ವರ್ಷದ ಫೀ ಒಟ್ಟು 20 ಸಾವಿರವೂ ಆಗಲಿಲ್ಲ. ಈಗ ಒಬ್ಬ ಸಿಎ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್ ತುಂಬುತ್ತಾನೆ.

ಆದರೆ 2022ರಲ್ಲಿ ಮತ್ತೆ ಎಡವಿದೆ. ಅಕ್ಕನ ಮಗನಿಗೆ 60 ಪರ್ಸೆಂಟ್. ಹಿಂದಿನ ವರ್ಷದ ಕಟ್ ಆಫ್ ನೋಡಿದರೆ ಎಲ್ಲಿಯೂ ಸಿಗುವಂತಿರಲಿಲ್ಲ. ಹೆದರಿ ಅವನನ್ನು ದೂರದ ಒಂದು ಸೆಲ್ಫ್ ಫೈನಾನ್ಸ್ ಕೋರ್ಸಿಗೆ ಹಾಕಿಸಿದೆ. ಆಗಸ್ಟ್‌ನಲ್ಲಿ ನೋಡಿದರೆ ಮನೆ ಹತ್ತಿರದ ಕಾಲೇಜಿನ ಕೊನೆಯ ಲಿಸ್ಟು 55ಕ್ಕೆ ನಿಂತಿತ್ತು. ಎಡವಿದ್ದು ಎಲ್ಲಿ? 2021ರಲ್ಲಿ ಕೊರೋನಾದಿಂದ ಹನ್ನೆರಡನೆಯ ಎಚ್‌ಎಸ್‌ಸಿ ಪರೀಕ್ಷೆಯೇ ನಡೆಯಲಿಲ್ಲ. ಮಾರ್ಕುಗಳೆಲ್ಲ ಉಬ್ಬಿದ್ದವು, ಕಟ್ ಆಫೂ ಉಬ್ಬಿತ್ತು. ನನ್ನ ಪುಸ್ತಕದಲ್ಲಿ 2021ರ ಪುಟದ ಮೇಲೆ ಕೆಂಪು ಗೆರೆ ಎಳೆದಿದ್ದೇನೆ. ಅಕ್ಕ ಇವತ್ತಿಗೂ ಆ ಮಾತು ತೆಗೆಯುವುದಿಲ್ಲ, ಆದರೆ ನನಗೆ ಮರೆಯುವುದಿಲ್ಲ. ವರ್ಷಕ್ಕೆ 28 ಸಾವಿರ ಅವಳ ಕೈಯಿಂದ ಸುಮ್ನೆ ಹೋಯಿತು.

ಕಾಮರ್ಸ್‌ನವರಿಗೆ ಇನ್ನೊಂದು ಮಾತು. 2024ರಿಂದ ಬಿಎಂಎಸ್, ಬಿಬಿಎ, ಬಿಸಿಎಗಳಿಗೆ ಸಿಇಟಿ ಬಂತು. ಆಗ ಎಷ್ಟೋ ಕಾಲೇಜುಗಳು ಬಿಎಂಎಸ್ ಹೆಸರನ್ನು ಬಿಕಾಂ ಮ್ಯಾನೇಜ್‌ಮೆಂಟ್ ಸ್ಟಡೀಸ್ ಅಂತ ಬದಲಾಯಿಸಿದವು. ಬಿಕಾಂ ಅಂತ ಹೆಸರು ಕಂಡ ಕೂಡಲೇ ಕಡಿಮೆ ಫೀ ಅಂದುಕೊಳ್ಳಬೇಡಿ. ರಸೀದಿ ನೋಡಿ.

ಈಗ ಮಗಳ ಕಥೆ. ಮೊದಲು ಕಾಗದ ಪತ್ರ. ನಮ್ಮದು ಕರ್ನಾಟಕದಲ್ಲಿ ಹಿಂದುಳಿದ ವರ್ಗದ ಜಾತಿ. ನಾನು ಮುಂಬೈಗೆ ಬಂದದ್ದು 1989ರಲ್ಲಿ. ಇಲ್ಲಿ ಒಬಿಸಿ ಸರ್ಟಿಫಿಕೇಟ್ ಬೇಕಾದರೆ ಮನೆತನ 1967ರ ಅಕ್ಟೋಬರ್ 13ಕ್ಕೆ ಮೊದಲೇ ಮಹಾರಾಷ್ಟ್ರದಲ್ಲಿ ಇದ್ದ ದಾಖಲೆ ಬೇಕು. ಆರ್ಥಿಕವಾಗಿ ಹಿಂದುಳಿದವರ ಕೋಟಾ, ಅಂದರೆ ರಾಜ್ಯದ ಇಡಬ್ಲ್ಯುಎಸ್‌ಗೂ ಅದೇ ತಾರೀಖು. ಇದು ಗೊತ್ತಿಲ್ಲದೆ ಒಬ್ಬ ದಲಾಲನಿಗೆ ಆರು ಸಾವಿರ ಕೊಟ್ಟು ನಾಲ್ಕು ತಿಂಗಳು ಓಡಾಡಿದೆ. 2024ರಲ್ಲಿ ಹುಡುಗಿಯರಿಗೆ ಪೂರ್ತಿ ಟ್ಯೂಷನ್ ಫೀ ಮಾಫಿ ಅಂತ ಸರ್ಕಾರ ಹೇಳಿದಾಗ ಮನೆಯಲ್ಲಿ ಹಬ್ಬ. ಅದೂ ಇಡಬ್ಲ್ಯುಎಸ್, ಎಸ್‌ಇಬಿಸಿ (ಮರಾಠಾ ಕೋಟಾ), ಒಬಿಸಿಯವರಿಗೆ ಮಾತ್ರ. ನಮ್ಮಂಥ ಹೋಟೆಲ್ ಕನ್ನಡಿಗರಲ್ಲಿ ಎಷ್ಟೋ ಜನರ ಕಥೆ ಇದೇ, ಅಲ್ವಾ? ನನಗೆ ಇದರಲ್ಲಿ ನಿಜವಾಗಿ ಹೊಟ್ಟೆ ಉರಿಯುತ್ತದೆ.

ಉಳಿದದ್ದು ಎರಡು ದಾರಿ. ಒಂದು, ಶಾಹು ಮಹಾರಾಜರ ಹೆಸರಿನ ಯೋಜನೆ. ವರಮಾನ ಎಂಟು ಲಕ್ಷದ ಒಳಗಿದ್ದರೆ ಓಪನ್‌ನವರಿಗೂ ಅರ್ಧ ಟ್ಯೂಷನ್ ಫೀ ಬಿಡುತ್ತಾರೆ. ಕ್ಯಾಪ್ ಮೂಲಕ ಹೋದವರಿಗೆ ಮಾತ್ರ, ಮ್ಯಾನೇಜ್‌ಮೆಂಟ್ ಸೀಟಿಗೆ ಇಲ್ಲ. ಏಜೆಂಟ್ ಸೀಟು ದುಬಾರಿಯಾಗುವುದು ಅವನ ಕಮಿಷನ್‌ನಿಂದಷ್ಟೇ ಅಲ್ಲ, ಈ ಅರ್ಧವೂ ಕೈತಪ್ಪುತ್ತದೆ. ಎರಡನೆಯದು ಟಿಎಫ್‌ಡಬ್ಲ್ಯುಎಸ್, ಅಂದರೆ ಟ್ಯೂಷನ್ ಫೀ ಮಾಫಿ ಯೋಜನೆ. ಪ್ರತಿ ಬ್ರಾಂಚಿನಲ್ಲಿ ನೂರಕ್ಕೆ ಐದರಂತೆ ಹೆಚ್ಚುವರಿ ಸೀಟು, ಟ್ಯೂಷನ್ ಫೀ ಪೂರ್ತಿ ಮಾಫಿ, ಜಾತಿ ಕೇಳುವುದಿಲ್ಲ. ಡೊಮಿಸೈಲ್ ಮತ್ತು ವರಮಾನದ ಸರ್ಟಿಫಿಕೇಟ್ ಸಾಕು. ಎರಡನ್ನೂ ರಿಸಲ್ಟಿಗೆ ಮೊದಲೇ ಸರ್ಕಾರಿ ಸರ್ಟಿಫಿಕೇಟ್ ಮಾಡಿಸಿಕೊಡುವ ಸೇತು ಕೇಂದ್ರದಲ್ಲಿ ಮಾಡಿಸಿಟ್ಟೆ. ರಿಸಲ್ಟ್ ಬಂದ ಮೇಲೆ ಹೋದರೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

"ಟಿಎಫ್‌ಡಬ್ಲ್ಯುಎಸ್ ಎಲ್ಲ ತೊಂಬತ್ತರ ಮೇಲಿನ ಮಕ್ಕಳಿಗೆ ಮಾರಾಯ" ಅಂದರು ಭಾವ. ದೊಡ್ಡ ಕಾಲೇಜುಗಳಲ್ಲಿ ಅದು ನಿಜ. ನನ್ನ ಪುಸ್ತಕ ಬೇರೆ ಹೇಳುತ್ತಿತ್ತು. ಬೆಳಿಗ್ಗೆ ಏಳೂವರೆಗೆ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿ. ಸಿಎಸ್‌ಎಂಟಿ ಕಡೆಯ ಲೋಕಲ್‌ಗೆ ಜನ ಬಾಗಿಲಲ್ಲಿ ನೇತಾಡುತ್ತಾರೆ. ಎದುರಿನ ಕರ್ಜತ್ ಲೋಕಲ್‌ನಲ್ಲಿ ಕಿಟಕಿ ಸೀಟು ಸಿಗುತ್ತದೆ. ಕಟ್ ಆಫೂ ಹಾಗೇ. ಕಲ್ಯಾಣ್ ದಾಟಿದ ಮೇಲೆ ಒಂದೊಂದು ಸ್ಟೇಷನ್‌ಗೂ ಇಳಿಯುತ್ತ ಹೋಗುತ್ತದೆ. ಮಕ್ಕಳೆಲ್ಲ ಮುಂಬೈ ಕಡೆ ಮುಖ ಮಾಡಿ ಫಾರಂ ತುಂಬುತ್ತಾರೆ. ನಾನು ಕರ್ಜತ್ ಕಡೆ, ಪನ್ವೇಲ್ ಆಚೆ ಹುಡುಕಿದೆ. ಅಲ್ಲಿ ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಿಕಲ್‌ನ ಟಿಎಫ್‌ಡಬ್ಲ್ಯುಎಸ್ ಅರವತ್ತರ ಆಸುಪಾಸಿಗೂ ಇಳಿದದ್ದು ಹಳೇ ಪಟ್ಟಿಗಳಲ್ಲಿತ್ತು. ಕಂಪ್ಯೂಟರೇ ಬೇಕು ಅನ್ನುವವರಿಗೆ ಈ ದಾರಿ ಆಗುವುದಿಲ್ಲ. ಮಗಳಿಗೆ ಎಲೆಕ್ಟ್ರಿಕಲ್ ಇಷ್ಟವಿತ್ತು.

ಆಪ್ಷನ್ ಫಾರಂನಲ್ಲಿ ಟಿಎಫ್‌ಡಬ್ಲ್ಯುಎಸ್‌ಗೆ ಬೇರೆ ಕೋಡ್, ಕೊನೆಗೆ ಟಿ ಅಕ್ಷರ ಇರುತ್ತದೆ. ಅದನ್ನು ಬೇರೆಯಾಗಿ ತುಂಬದಿದ್ದರೆ ಅರ್ಹತೆ ಇದ್ದೂ ಸೀಟು ಬರುವುದಿಲ್ಲ. ಸಾದಾ ಸೀಟಿನ ಕಟ್ ಆಫ್ ಪಟ್ಟಿಯಲ್ಲಿ ಓಪನ್ ಹುಡುಗಿಯರು ನೋಡಬೇಕಾದ್ದು ಎಲ್‌ಓಪನ್, ಅಂದರೆ ಹುಡುಗಿಯರ ಕಾಲಂ. ನಾನು ಒಂದು ತಿಂಗಳು ಎಲ್ಲರಿಗೂ ಇರುವ ಜಿಓಪನ್ ನೋಡಿ ನಿದ್ದೆ ಕೆಡಿಸಿಕೊಂಡಿದ್ದೆ. ಇನ್ನು ಮೊದಲ ಆಯ್ಕೆ. ಅದು ಸಿಕ್ಕಿದರೆ ಸೀಟು ತಾನಾಗಿ ಫ್ರೀಜ್ ಆಗುತ್ತದೆ, ಮುಂದಿನ ರೌಂಡಿಗೆ ಹೋಗುವಂತಿಲ್ಲ. ನಮ್ಮ ಬಿಲ್ಡಿಂಗಿನ ಒಬ್ಬ ಹುಡುಗ ಭದ್ರ ಇರಲಿ ಅಂತ ಸಿಗುವ ಕಾಲೇಜನ್ನೇ ಮೊದಲು ಬರೆದ. ಮೊದಲ ರೌಂಡಿನಲ್ಲೇ ಸಿಕ್ಕಿತು, ಕಥೆ ಮುಗಿಯಿತು. ಅದಕ್ಕಿಂತ ಒಳ್ಳೆಯದು ಎರಡನೇ ರೌಂಡಿನಲ್ಲಿ ಅವನ ನಂಬರಿಗೆ ಬಂದಿತ್ತು. ಇಷ್ಟ ಇರುವುದನ್ನೇ ಮೇಲೆ ಬರೆಯಿರಿ. ಆಸೆಯ ಕಾಲೇಜನ್ನು ಮೇಲೆ ಬರೆದರೆ ಕೆಳಗಿನ ಸೀಟು ಹೋಗುವುದಿಲ್ಲ.

ನಾವು ತುಂಬಿದ್ದು ನಲವತ್ತರ ಹತ್ತಿರ ಆಯ್ಕೆ. ಟಿ ಕೋಡ್ ಮತ್ತು ಸಾದಾ ಕೋಡ್‌ಗಳನ್ನು ಯಾವ ಅನುಕ್ರಮದಲ್ಲಿ ಹೆಣೆದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಾನು ಹುಡುಕಿಟ್ಟ ಕಾಲೇಜುಗಳ ಹೆಸರನ್ನೂ ಹೇಳುವುದಿಲ್ಲ. ಟಿಎಫ್‌ಡಬ್ಲ್ಯುಎಸ್ ಸೀಟು ಅಲ್ಲಿ ಇರುವುದೇ ಬ್ರಾಂಚಿಗೆ ಮೂರು. ಇನ್ನೂ ನಮ್ಮ ಮನೆತನದಲ್ಲೇ ನಾಲ್ಕು ಮಕ್ಕಳು ಬಾಕಿ ಇದ್ದಾರೆ. ಹೋಟೆಲಿಗೆ ಬಂದರೆ ಪುಸ್ತಕ ತೋರಿಸುತ್ತೇನೆ.

ನಡುವೆ ಊರಿನ ಕಡೆಯೂ ಪ್ರಯತ್ನಿಸಿದೆ. ಕರ್ನಾಟಕದ ಸಿಇಟಿಯಲ್ಲಿ ಹೊರನಾಡು ಕನ್ನಡಿಗರಿಗೆ ಕನ್ನಡ ಪರೀಕ್ಷೆ ಬರೆದು ಅರ್ಹತೆ ಪಡೆಯುವ ದಾರಿ ಇದೆ. ಮಗಳಿಗೆ ಎರಡು ತಿಂಗಳು ರಾತ್ರಿ ಕನ್ನಡ ಓದಿಸಿದೆ. ಒತ್ತಕ್ಷರದಲ್ಲಿ ತಡವರಿಸುತ್ತಿದ್ದಳು, ಆಮೇಲೆ ಸರಾಗವಾಯಿತು. ಮಂಗಳೂರಿನ ಹಾಸ್ಟೆಲ್, ಊಟದ ಲೆಕ್ಕ ಹಾಕಿದಾಗ ವರ್ಷಕ್ಕೆ 80 ಸಾವಿರ ಮೇಲೆ ಹೋಯಿತು. ಅಲ್ಲಿಗೆ ಬಿಟ್ಟೆವು. ಅಜ್ಜಿಗೆ ಈಗ ವಾಟ್ಸಾಪ್‌ನಲ್ಲಿ ಕನ್ನಡದಲ್ಲೇ ಬರೆಯುತ್ತಾಳೆ, ಆ ಲಾಭ ದೊಡ್ಡದು.

ಸೀಟು ಸಿಕ್ಕಿದ್ದು ಎರಡನೇ ರೌಂಡಿನಲ್ಲಿ. ರಾತ್ರಿ ಊಟ ಬಡಿಸುವ ಹೊತ್ತು. ಮೊಬೈಲಿನಲ್ಲಿ ಕೋಡಿನ ಕೊನೆಯ ಟಿ ಅಕ್ಷರ ಕಂಡ ಕೂಡಲೇ ಹೆಂಡತಿಗೆ ತೋರಿಸಿದೆ. ಅವಳು ಸೌಟು ಕೆಳಗಿಟ್ಟು ಕನ್ನಡಕ ಹುಡುಕಿದಳು.

ಇಷ್ಟೆಲ್ಲ ಆದ ಮೇಲೆ ಮೊನ್ನೆ ಭಾವನೇ ಮಗನನ್ನು ಕರೆದುಕೊಂಡು ಗಲ್ಲಾದ ಹತ್ತಿರ ಬಂದರು. ಬಿಕಾಂಗೆ, 52 ಪರ್ಸೆಂಟ್. ನಾನು ಮೊದಲು ಕೇಳಿದ್ದು ಶಾಲೆಯ ಲೀವಿಂಗ್ ಸರ್ಟಿಫಿಕೇಟ್. ಕನ್ನಡಿಗರು ಕಟ್ಟಿದ ಕಾಲೇಜುಗಳಲ್ಲಿ ಭಾಷಾ ಅಲ್ಪಸಂಖ್ಯಾತರ ಕೋಟಾ ಇದ್ದರೆ ಮಾತೃಭಾಷೆಯ ಕಾಲಂ ನೋಡುತ್ತಾರೆ. ಹೋದ ವರ್ಷ ಒಬ್ಬ ಹುಡುಗಿಯ ಸರ್ಟಿಫಿಕೇಟ್‌ನಲ್ಲಿ ಮರಾಠಿ ಅಂತ ಇತ್ತು. ಬಾಲವಾಡಿಗೆ ಸೇರಿಸುವಾಗ ಅಪ್ಪ ಹಾಗೆ ಬರೆಸಿದ್ದರು. ಆ ಸೀಟು ಅಲ್ಲಿಗೇ ಹೋಯಿತು. ಭಾವನ ಮಗನದು ಸರಿ ಇದೆ, ಕನ್ನಡ ಅಂತಲೇ ಇದೆ. ಜೆರಾಕ್ಸ್ ಮೂರು ಪ್ರತಿ ತೆಗೆಸಿ, ಮೂಲ ಪ್ರತಿಯನ್ನು ಕಾಲೇಜಿನವರ ಕೈಗೆ ಕೊಡುವ ಮೊದಲು ಫೋಟೋ ಹೊಡೆದಿಟ್ಟುಕೊಳ್ಳಿ ಅಂತ ಹೇಳಿ ಕಳಿಸಿದೆ.